ಮನಸ್ಸಿನ ಸ್ವಾಸ್ಥ್ಯ: ಸಾಕ್ಷಿಯಿಂದ ಕಲಿಯಬೇಕಾದ ಪಾಠ

ನಮ್ಮ ಸಿದ್ಧಾಂತದಲ್ಲಿ ಮನಸ್ಸು ಆತ್ಮವಲ್ಲ. ಕಣ್ಣು ಕಿವಿಗಳಂತೆ ಅದೂ ಒಂದು ಇಂದ್ರಿಯ. ಶ್ರೀಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಪ್ರತ್ಯಕ್ಷವನ್ನು ವಿಭಾಗಿಸುವಾಗ ಐದು ಬಾಹ್ಯೇಂದ್ರಿಯಗಳ ಜೊತೆಗೆ ಮನಸ್ಸನ್ನು ಆರನೆಯದಾಗಿ ಎಣಿಸಿ, ಜೀವನ ಸ್ವರೂಪವೇ ಆದ ಸಾಕ್ಷಿಯನ್ನು ಬೇರೆಯಾಗಿ ಹೇಳಿದ್ದಾರೆ. ಪ್ರವಚನಗಳಲ್ಲಿ ಈ ವಿಭಾಗವನ್ನು ಅನೇಕ ಸಲ ಕೇಳಿರುವ ನಾವು, ಅದು ಪಂಡಿತರ ವಾದಕ್ಕೆ ಬೇಕಾದ ವಿಷಯವೆಂದು ಬದಿಗಿಟ್ಟಿದ್ದೇವೆ. ಆದರೆ ಮನೆಯಲ್ಲಿ ಒಬ್ಬರ ಮನಸ್ಸು ಕುಗ್ಗಿದಾಗ ಉಳಿದವರು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಈ ವಿಭಾಗವೇ ದಾರಿ ತೋರಿಸುತ್ತದೆಂದು ನಮಗೆ ತೋರುತ್ತದೆ.

ಇಂದ್ರಿಯವೆಂದ ಮೇಲೆ ಅದಕ್ಕೆ ದೋಷ ಬರಬಹುದು. ಕಣ್ಣಿಗೆ ಪೊರೆ ಬಂದವನಿಗೆ ‘ನಿನಗೆ ಭಕ್ತಿ ಸಾಲದು, ಅದಕ್ಕೇ ನಂದಾದೀಪ ಮಂಕಾಗಿ ಕಾಣುತ್ತಿದೆ’ ಎಂದು ಯಾರೂ ಹೇಳುವುದಿಲ್ಲ. ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಮನಸ್ಸಿಗೆ ಮಂಕು ಕವಿದವನಿಗೆ ಮಾತ್ರ ಆ ಮಾತನ್ನು ಧಾರಾಳವಾಗಿ ಹೇಳುತ್ತೇವೆ. ಕಣ್ಣಿಗೆ ಸೂರ್ಯನು ಅಭಿಮಾನಿ ದೇವತೆಯೆಂದ ಮಾತ್ರಕ್ಕೆ ಕಣ್ಣಿಗೆ ರೋಗ ಬಾರದೆಂದಿಲ್ಲ. ಮನಸ್ಸಿಗೆ ರುದ್ರದೇವರು ಅಭಿಮಾನಿಗಳು. ಅಲ್ಲಿಯೂ ನ್ಯಾಯ ಅದೇ.

ಇನ್ನು ಸಾಕ್ಷಿಯ ವಿಷಯ. ಸುಖ, ದುಃಖ, ಕಾಲ, ಮನಸ್ಸಿನ ವೃತ್ತಿಗಳು ಸಾಕ್ಷಿಗೆ ಗೋಚರವಾಗುವಂಥವು. ಕಣ್ಣು ಮೋಸಹೋಗಬಹುದು, ಕಪ್ಪೆಚಿಪ್ಪು ಬೆಳ್ಳಿಯಾಗಿ ತೋರಬಹುದು. ಆದರೆ ‘ನನಗೆ ದುಃಖವಾಗುತ್ತಿದೆಯೋ ಇಲ್ಲವೋ’ ಎಂದು ಜಗತ್ತಿನಲ್ಲಿ ಯಾರೂ ಸಂದೇಹಪಟ್ಟದ್ದಿಲ್ಲ. ಸಾಕ್ಷಿ ಕಂಡದ್ದು ನಿಶ್ಚಿತ. ಪ್ರಪಂಚವನ್ನು ಮಿಥ್ಯೆ ಎನ್ನುವವರನ್ನು ನಮ್ಮ ಆಚಾರ್ಯರು ಎದುರಿಸಿದ್ದು ಸಾಕ್ಷಿಯ ಈ ಬಲದಿಂದಲೇ. ಹೀಗಿರುವಾಗ, ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಓದುತ್ತಿರುವ ಮಗನೋ, ಹೊಸದಾಗಿ ಮನೆಗೆ ಬಂದ ಸೊಸೆಯೋ ‘ನನಗೆ ಯಾವುದೂ ಬೇಡವೆನ್ನಿಸುತ್ತದೆ’ ಎಂದಾಗ, ‘ನಿನಗೇನು ಕಡಿಮೆಯಾಗಿದೆ? ಎಲ್ಲ ನಿನ್ನ ಕಲ್ಪನೆ’ ಎಂದು ಉತ್ತರಿಸುವ ಹಿರಿಯರು ತಮಗೆ ತಿಳಿಯದೆಯೇ ಪರಪಕ್ಷಕ್ಕೆ ಸೇರಿಬಿಡುತ್ತಾರೆ!

ಇಲ್ಲೊಂದು ಸೂಕ್ಷ್ಮವಿದೆ. ಸಾಕ್ಷಿಯು ದೃಢಪಡಿಸುವುದು ದುಃಖವನ್ನು ಮಾತ್ರ. ‘ನಾನು ಯಾತಕ್ಕೂ ಬಾರದವನು’, ‘ನಾನಿಲ್ಲದಿದ್ದರೆ ಮನೆಯವರಿಗೆ ಹಗುರವಾದೀತು’ ಎಂಬ ನಿರ್ಣಯಗಳು ಸಾಕ್ಷಿಯವಲ್ಲ. ದುಃಖವನ್ನು ಹೇತುವಾಗಿಟ್ಟುಕೊಂಡು ಮನಸ್ಸು ಕಟ್ಟಿದ ಅನುಮಾನಗಳು. ಅವು ದುಷ್ಟವಾಗಿರಬಹುದು, ಅನೇಕ ವೇಳೆ ದುಷ್ಟವೇ ಆಗಿರುತ್ತವೆ. ಆದ್ದರಿಂದ ಮನೆಯವರು ಮೊದಲು ದುಃಖವನ್ನು ಇದ್ದದ್ದೆಂದು ಒಪ್ಪಬೇಕು. ಆ ನಿರ್ಣಯಗಳನ್ನು ಪರೀಕ್ಷಿಸುವುದು ಆಮೇಲಿನ ಕೆಲಸ. ತನ್ನ ದುಃಖವನ್ನೇ ನಂಬದವರ ತರ್ಕವನ್ನು ಯಾರು ಕೇಳಿಯಾರು? ವಿಚಾರಗಳನ್ನು ಪರೀಕ್ಷಿಸಿ ತಿದ್ದುವ ಚಿಕಿತ್ಸೆಯಲ್ಲಿ ಇಂದಿನ ಮನೋವೈದ್ಯರು ಅನುಸರಿಸುವ ಕ್ರಮವೂ ಹೆಚ್ಚುಕಡಿಮೆ ಇದೇ.

ಗೀತೆಯ ಆರಂಭವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಬಾಯೊಣಗಿ, ಮೈನಡುಗಿ, ಬಿಲ್ಲು ಜಾರಿದ ಅರ್ಜುನನು ಮೊದಲನೆಯ ಅಧ್ಯಾಯದಲ್ಲಿ 28ನೆಯ ಶ್ಲೋಕದಿಂದ ಅಧ್ಯಾಯದ ಕೊನೆಯವರೆಗೆ ತನ್ನ ಸಂಕಟವನ್ನು ತೋಡಿಕೊಳ್ಳುತ್ತಾನೆ. ಶ್ರೀಕೃಷ್ಣನು ನಡುವೆ ಬಾಯಿ ಹಾಕುವುದಿಲ್ಲ. ಎರಡನೆಯ ಅಧ್ಯಾಯದಲ್ಲಿ ಎರಡು ಶ್ಲೋಕಗಳಷ್ಟು ಗದರಿಕೆ ಇದೆ, ನಿಜ. ಆದರೆ ಅದರ ನಂತರವೂ ಅರ್ಜುನನು ಮತ್ತೆ ಮಾತನಾಡುತ್ತಾನೆ, ಅದನ್ನೂ ಭಗವಂತನು ಕೇಳುತ್ತಾನೆ. ಉಪದೇಶ ತೊಡಗುವುದು 11ನೆಯ ಶ್ಲೋಕದಲ್ಲಿ. ಸರ್ವಜ್ಞನಿಗೆ ಕೇಳಿ ತಿಳಿಯಬೇಕಾದದ್ದೇನೂ ಇರಲಿಲ್ಲವೆಂಬುದನ್ನು ನೆನೆಯಬೇಕು. ನಮ್ಮ ಮನೆಗಳಲ್ಲಿ ಕೇಳುವುದು ಎರಡು ಶ್ಲೋಕದಷ್ಟು, ಗದರಿಕೆ ಒಂದು ಅಧ್ಯಾಯದಷ್ಟು.

ದಿನಚರಿಯ ಮಾತಿಗೆ ಬರೋಣ. ಗೀತೆಯ ಆರನೆಯ ಅಧ್ಯಾಯದ 16 ಮತ್ತು 17ನೆಯ ಶ್ಲೋಕಗಳಲ್ಲಿ ಯೋಗಕ್ಕೆ ಬೇಕಾದ ಯೋಗ್ಯತೆಯಾಗಿ ಊಟ, ನಿದ್ರೆ, ಓಡಾಟ, ಕೆಲಸಗಳ ಹಿತಮಿತವನ್ನು ಹೇಳಿದೆ. ಮಹಾನಗರದಲ್ಲಿ ಇವುಗಳಲ್ಲಿ ಮೊದಲು ಕೆಡುವುದು ನಿದ್ರೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವವನು ರಾತ್ರಿ ಮನೆ ಸೇರುವಾಗ ಒಂಬತ್ತು ಗಂಟೆ. ಆಮೇಲೆ ಊಟ, ಆಮೇಲೆ ಟಿ.ವಿ. ಇಲ್ಲವೇ ಮೊಬೈಲು. ಅವನ ಡಬ್ಬಿಗಾಗಿ ಗೃಹಿಣಿ ನಾಲ್ಕೂವರೆಗೆ ಏಳಬೇಕು. ನಾವು ಸೇವೆ ಸಲ್ಲಿಸಿದ ರೇಲ್ವೆಯಲ್ಲಿ ಗಾಡಿಯ ಚಾಲಕನ ವಿಶ್ರಾಂತಿಯನ್ನು ಅವನ ಇಷ್ಟಕ್ಕೆ ಬಿಡುವುದಿಲ್ಲ. ಇಷ್ಟು ಗಂಟೆ ಕೆಲಸ, ಇಷ್ಟು ಗಂಟೆ ವಿರಾಮ ಎಂದು ನಿಯಮವೇ ವಿಧಿಸಿದೆ. ಇಡೀ ಸಂಸಾರವನ್ನು ಎಳೆಯುವ ಗೃಹಿಣಿಯ ನಿದ್ರೆ ಯಾವ ರಿಜಿಸ್ಟರಿನಲ್ಲಿಯೂ ಇಲ್ಲ. ವಾರದಲ್ಲಿ ಎರಡು ದಿನವಾದರೂ ಬೆಳಗಿನ ಅಡಿಗೆಯ ಭಾರವನ್ನು ಗಂಡಸರು ಹೊರುವುದರಿಂದ ಆಚಾರಕ್ಕೇನೂ ಕುಂದಿಲ್ಲ. ಮಠದ ಅಡಿಗೆಮನೆಗಳಲ್ಲಿ ಪಾಕ ಮಾಡುವವರು ಗಂಡಸರೇ ಅಲ್ಲವೆ?

ಏಳುವ ಹೊತ್ತು ರಜಾದಿನಗಳಲ್ಲಿಯೂ ಒಂದೇ ಆಗಿರಲಿ. ಬೆಳಗಿನ ಬೆಳಕು ಕಣ್ಣಿಗೆ ಬೀಳುವುದರಿಂದ ರಾತ್ರಿ ಸಕಾಲಕ್ಕೆ ನಿದ್ರೆ ಬರುವಂತೆ ಶರೀರದ ಗಡಿಯಾರ ಹೊಂದಿಕೊಳ್ಳುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅರ್ಘ್ಯವನ್ನು ಸ್ನಾನದ ಮನೆಯ ಮೂಲೆಯಲ್ಲಿ ಅವಸರವಾಗಿ ಕೊಟ್ಟು ಮುಗಿಸುವವರು ಬಾಲ್ಕನಿಗೆ ಬಂದು ಸೂರ್ಯನ ಮುಂದೆ ನಿಂತರೆ ಎರಡೂ ಕಾರ್ಯ ಆದೀತು. ದಿನಕ್ಕೊಂದು ಹೊತ್ತು ಎಲ್ಲರೂ ಒಟ್ಟಿಗೆ ಉಣ್ಣಬೇಕು. ಆ ಹೊತ್ತಿನಲ್ಲಿ ಅಂಕಗಳ ವಿಚಾರ, ಸಂಬಳದ ವಿಚಾರ ಎತ್ತಬಾರದು.

ಊರಿನಿಂದ ಬಂದ ಹಿರಿಯರ ಸ್ಥಿತಿ ಇನ್ನೂ ಕಷ್ಟದ್ದು. ರಾಯಚೂರಿನಲ್ಲೋ ಉಡುಪಿಯಲ್ಲೋ ಬೀದಿಯ ತುಂಬ ಪರಿಚಯವಿದ್ದ ತಾಯಿಯನ್ನು ಪುಣೆಯ ನಾಲ್ಕನೆಯ ಮಹಡಿಗೆ ಕರೆತರುತ್ತೇವೆ. ನೆರೆಯವರ ಭಾಷೆ ಬಾರದು, ಮೊಮ್ಮಕ್ಕಳ ಬಾಯಲ್ಲಿ ಇಂಗ್ಲಿಷು. ‘ಅವ್ವಾ, ನೀನು ಆರಾಮವಾಗಿ ಕೂಡು, ಏನೂ ಮಾಡಬೇಡ’ ಎನ್ನುವುದು ಪ್ರೀತಿಯ ಮಾತೇ ಆದರೂ ಕೇಳುವವರಿಗೆ ‘ನಿನ್ನಿಂದ ಆಗಬೇಕಾದದ್ದೇನೂ ಇಲ್ಲ’ ಎಂದು ಕೇಳಿಸುತ್ತದೆ. ಹೂಬತ್ತಿ ಹೊಸೆಯುವುದು, ತುಳಸಿಗೆ ನೀರೆರೆಯುವುದು, ಮೊಮ್ಮಗಳಿಗೆ ವಾರಕ್ಕೊಂದು ದೇವರನಾಮ ಕಲಿಸುವುದು – ಇವು ಅವರ ಪಾಲಿನ ಕೆಲಸಗಳಾಗಿರಲಿ. ಭಜನಾಮಂಡಳಿಗೆ ಕರೆದೊಯ್ಯಲು ಯಾರಾದರೂ ಬಿಡುವು ಮಾಡಿಕೊಳ್ಳಲಿ. ಮರೆವು, ಮಂಕು ಕಂಡರೆ ‘ವಯಸ್ಸಾಯಿತು’ ಎಂದು ಕೈಬಿಡಬಾರದು. ವೃದ್ಧರಲ್ಲಿ ಖಿನ್ನತೆಯು ಮರೆವಿನ ರೂಪದಲ್ಲಿ ಕಾಣಿಸಿಕೊಳ್ಳುವುದುಂಟು. ನಮ್ಮಂಥ ಶುದ್ಧ ಸಸ್ಯಾಹಾರಿಗಳಲ್ಲಿ ಬಿ–12 ಜೀವಸತ್ತ್ವದ ಕೊರತೆ ಸಾಮಾನ್ಯ. ಅದರಿಂದಲೂ ಮನಸ್ಸು ಕುಗ್ಗುತ್ತದೆ, ನೆನಪು ಮಾಸುತ್ತದೆ. ಥೈರಾಯಿಡಿನ ದೋಷವೂ ಹಾಗೆಯೇ. ರಕ್ತಪರೀಕ್ಷೆಯಿಂದ ಇವೆರಡೂ ತಿಳಿಯುತ್ತವೆ.

ಬಾಣಂತಿಯ ಅಳುವನ್ನೂ ಹಗುರವಾಗಿ ಎಣಿಸಬಾರದು. ಹೆರಿಗೆಯಾದ ಮೊದಲ ಕೆಲವು ದಿನ ಕಣ್ಣೀರು ಬರುವುದು ಸಹಜ. ಎರಡು ವಾರ ಕಳೆದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು.

ನಮ್ಮ ಮನೆಗಳಲ್ಲಿ ಮಾತ್ರ ಮರೆಯಾಗಿ ಉಳಿಯುವ ಕಾಯಿಲೆಯೊಂದಿದೆ. ಒಬ್ಬರು ಸ್ನಾನಕ್ಕೆ ಹೋದರೆ ಒಂದೂವರೆ ಗಂಟೆ. ಕೈ ತೊಳೆದು ತೊಳೆದು ಚರ್ಮ ಸುಲಿದಿದೆ. ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ನೀರು, ಆ ನೀರು ಸಿಡಿದದ್ದಕ್ಕೆ ಮತ್ತೆ ಸ್ನಾನ. ‘ಅವರದು ಬಹಳ ಮಡಿ’ ಎಂದು ನೆಂಟರು ಹೊಗಳುತ್ತಾರೆ. ಇದು ಮಡಿಯಲ್ಲ, ಗೀಳು ಎಂಬ ರೋಗವಿರಬಹುದು. ಗುರುತಿಸುವುದು ಹೇಗೆ? ಶಾಸ್ತ್ರವು ಶುದ್ಧಿಗೆ ಎಣಿಕೆ ಹೇಳಿದೆ: ಆಚಮನವೆಂದರೆ ಮೂರು ಸಲ, ನಾಲ್ಕನೆಯದಿಲ್ಲ. ಮಡಿಯುಟ್ಟವನು ಮುಂದಿನ ಕರ್ಮಕ್ಕೆ, ಪೂಜೆಗೆ ಹೋಗುತ್ತಾನೆ. ಗೀಳು ಹಿಡಿದವನಿಗೆ ಪೂಜೆಗೆ ಹೊತ್ತೇ ಉಳಿಯುವುದಿಲ್ಲ. ಶುದ್ಧನಾದೆನೆಂಬ ನೆಮ್ಮದಿ ಅವನಿಗೆ ದೊರೆಯುವುದೇ ಇಲ್ಲ. ‘ತೊಳೆದೆನೋ ಇಲ್ಲವೋ’ ಎಂಬ ಸಂಶಯ ಮನಸ್ಸಿನ ದೋಷವೆಂದು ತಾನೇ ಬಲ್ಲವನಾದರೂ ಬಿಡಲಾರದೆ ನರಳುತ್ತಾನೆ. ಹೀಗೆ ನರಳುವವರು ಆಚಾರಶೀಲರ ಮನೆಯಲ್ಲಿದ್ದರೆ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಕಳೆಯುತ್ತಾರೆ. ಇದಕ್ಕೆ ಔಷಧವುಂಟು, ಭಯದ ವಸ್ತುವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಿ, ತೊಳೆಯದೆ ಇರುವ ಅಭ್ಯಾಸ ಮಾಡಿಸುವ ಚಿಕಿತ್ಸೆಯೂ ಉಂಟು. ಮನೆಯವರು ಅವರ ಬೇಡಿಕೆಯಂತೆ ಮತ್ತೆ ಮತ್ತೆ ನೀರು ತಂದುಕೊಟ್ಟು ‘ಶುದ್ಧವಾಯಿತು’ ಎಂದು ಭರವಸೆ ನೀಡುತ್ತಿದ್ದರೆ ರೋಗ ಬೆಳೆಯುತ್ತದೆ. ಹಾಸ್ಯ ಮಾಡುವುದೂ ಸಲ್ಲದು.

‘ಪ್ರಾರಬ್ಧ, ಅನುಭವಿಸಬೇಕು’ ಎಂಬ ಮಾತು ಕೆಲವರ ಬಾಯಲ್ಲಿ ಸಿದ್ಧವಾಗಿರುತ್ತದೆ. ಜ್ವರವೂ ಪ್ರಾರಬ್ಧವೇ, ಅದಕ್ಕೆ ಮಾತ್ರೆ ನುಂಗುವುದಿಲ್ಲವೆ? ಚರಕಸಂಹಿತೆಯಲ್ಲಿ ಉನ್ಮಾದಕ್ಕೆ ನಿದಾನಸ್ಥಾನದಲ್ಲೊಂದು, ಚಿಕಿತ್ಸಾಸ್ಥಾನದಲ್ಲೊಂದು ಅಧ್ಯಾಯವಿದೆ. ಮಂತ್ರ ಮಣಿ ಹೋಮಾದಿಗಳ ಚಿಕಿತ್ಸೆ, ಆಹಾರ ಔಷಧಗಳ ಚಿಕಿತ್ಸೆ, ಮನಸ್ಸನ್ನು ಅಹಿತ ವಿಷಯಗಳಿಂದ ತಡೆಯುವ ಚಿಕಿತ್ಸೆ ಎಂದು ಆ ಗ್ರಂಥವು ಮೂರನ್ನೂ ಅಕ್ಕಪಕ್ಕದಲ್ಲಿ ಇಟ್ಟಿದೆ. ಒಂದಿದ್ದರೆ ಇನ್ನೊಂದು ಬೇಡವೆನ್ನುವುದಿಲ್ಲ. ಶ್ರೀಮದಾಚಾರ್ಯರ ‘ತಂತ್ರಸಾರ’ದಲ್ಲಿ ಧನ್ವಂತರಿಯ ಉಪಾಸನೆಯಿದೆ, ವೈದ್ಯನ ಕೈಯಲ್ಲಿಯೂ ಆ ರೂಪವೇ ನಿಂತು ನಡೆಸುತ್ತದೆಂದು ನಂಬುವವರಿಗೆ ಮಾತ್ರೆಯ ಮೇಲೆ ಮುನಿಸೇಕೆ? ಮಂತ್ರಾಲಯಕ್ಕೆ ಸೇವೆಗೆ ಹೋಗುವವರು ಮಾತ್ರೆಯ ಡಬ್ಬಿಯನ್ನು ಜೊತೆಯಲ್ಲಿಯೇ ಒಯ್ಯಲಿ; ಸೇವೆಯ ದಿನಗಳೆಂದು ನಿಲ್ಲಿಸಬಾರದು.

ಏಕಾದಶಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಲಿಥಿಯಂ ಎಂಬ ಔಷಧವನ್ನು ಸೇವಿಸುವವರು ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ರಕ್ತದಲ್ಲಿ ಆ ಔಷಧದ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಕೈನಡುಕ, ವಾಂತಿ, ಬುದ್ಧಿಭ್ರಮೆ ಉಂಟಾಗಬಹುದು. ಅಶಕ್ತರಿಗೆ ಶಾಸ್ತ್ರದಲ್ಲಿ ಅನುಕಲ್ಪವಿದೆ. ವೈದ್ಯರನ್ನೂ ಮಠದ ಪಂಡಿತರನ್ನೂ ಮೊದಲೇ ಕೇಳಿ ನಿಶ್ಚಯಿಸಿಕೊಳ್ಳಬೇಕು.

ಹೆಣ್ಣು ಕೊಡುವವರಿಗೆ, ತರುವವರಿಗೆ ತಿಳಿದೀತೆಂದು ರೋಗವನ್ನು ಮುಚ್ಚಿಡುವುದರಿಂದ ಆಗುವ ನಷ್ಟ ದೊಡ್ಡದು; ಮದುವೆಯಾದ ಮೇಲೆ ಗುಟ್ಟಾಗಿ ಮಾತ್ರೆ ಬಿಟ್ಟು ರೋಗ ಮರುಕಳಿಸಿದರೆ ಎರಡು ಮನೆಗಳು ಅಳಬೇಕಾಗುತ್ತದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಇರಿಸಿಕೊಂಡು ಶುಶ್ರೂಷೆಯಲ್ಲಿ ಸೇರಿಸಿದರು. ನಮ್ಮ ದೇಶದ ಮನೋವೈದ್ಯಕೀಯದಲ್ಲಿ ಕುಟುಂಬಕ್ಕೆ ದೊರೆತ ಸ್ಥಾನಕ್ಕೆ ಅದು ನಾಂದಿಯಾಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಆರೋಗ್ಯ ವಿಮೆಯಲ್ಲಿ ದೈಹಿಕ ರೋಗಗಳಂತೆಯೇ ಮನೋರೋಗದ ಚಿಕಿತ್ಸೆಗೂ ಅವಕಾಶವಿರಬೇಕು. ವಿಮೆ ಮಾಡಿಸಿದವರು ತಮ್ಮ ಪಾಲಿಸಿಯನ್ನು ಒಮ್ಮೆ ತೆರೆದು ನೋಡಲಿ.

ಯಾರಾದರೂ ‘ಬದುಕು ಬೇಡ’ ಎಂಬ ಅರ್ಥದ ಮಾತನಾಡಿದರೆ, ಅದನ್ನು ಕೇಳದಂತೆ ಎದ್ದುಹೋಗದೆ, ‘ಸಾಯುವ ಯೋಚನೆ ಬರುತ್ತಿದೆಯೇನಪ್ಪಾ?’ ಎಂದು ನೇರವಾಗಿಯೇ ವಿಚಾರಿಸಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡವರಿಗೆ ಎದೆ ಹಗುರವಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಮಾತ್ರೆಗಳನ್ನೂ ಕೀಟನಾಶಕಗಳನ್ನೂ ಕೈಗೆ ಸಿಗದಂತೆ ತೆಗೆದಿಟ್ಟು, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ರಾತ್ರಿವೇಳೆ ಏನೂ ತೋಚದಿದ್ದರೆ, ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯಿದೆ. ಅದರ ಸಂಖ್ಯೆ 14416. ಶುಲ್ಕವಿಲ್ಲ, ಹಗಲಿರುಳೂ ತೆರೆದಿರುತ್ತದೆ, ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ. ಗೋಡೆಗೆ ತೂಗುಹಾಕಿದ ಪಂಚಾಂಗದ ಅಂಚಿನಲ್ಲಿ ಈ ಐದು ಅಂಕಿಗಳನ್ನು ದೊಡ್ಡದಾಗಿ ಬರೆದಿಡಿ. ಮನೆಯ ಮಕ್ಕಳ ಕಣ್ಣಿಗೂ ಬೀಳಲಿ.