ತುಂಗಭದ್ರೆಯ ಹೋರಾಟ ಮತ್ತು ಎರಡು ಕ್ರಿಯಾಪದಗಳು

ಮಂತ್ರಾಲಯದ ಮೆಟ್ಟಿಲುಗಳ ಬಳಿ ನಾವು ಕಾಣುವ ತುಂಗಭದ್ರೆಗೆ ಮೇಲ್ದಂಡೆಯಲ್ಲಿ ಒಂದು ಕಹಿ ಚರಿತ್ರೆಯಿದೆ. ಹರಿಹರದ ಎದುರು ದಂಡೆಯಲ್ಲಿರುವ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ರೇಯಾನ್ ನೂಲಿಗೆ ಬೇಕಾದ ತಿರುಳನ್ನು ನೀಲಗಿರಿ ಮರದಿಂದ ತಯಾರಿಸುತ್ತಿತ್ತು. ಮರವನ್ನು ರಾಸಾಯನಿಕಗಳಲ್ಲಿ ಬೇಯಿಸಿ ತಿರುಳನ್ನು ಬೇರ್ಪಡಿಸಿದಾಗ ಲಿಗ್ನಿನ್ ತುಂಬಿದ ಕಂದು ದ್ರವ ಉಳಿಯುತ್ತದೆ. ಇಂತಹ ತ್ಯಾಜ್ಯವು ನದಿಗೆ ಸೇರಿದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಕುಗ್ಗಿ, ಮೀನು ಉಸಿರುಗಟ್ಟಿ ಸಾಯುತ್ತದೆ. 1984ರ ಸುಮಾರಿಗೆ ಮೀನುಗಳ ಸಾವು ಬೆಸ್ತರ ಜೀವನೋಪಾಯವನ್ನೇ ಅಲುಗಿಸಿದಾಗ, ದಂಡೆಯ ಹಳ್ಳಿಗರು ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದೊಡನೆ ಸೇರಿ ಪ್ರತಿಭಟನೆಗೆ ಇಳಿದರು.

ಹೋರಾಟವು ನದಿಯಲ್ಲಿಯೇ ನಿಲ್ಲಲಿಲ್ಲ. ನನ್ನ ದೃಷ್ಟಿಯಲ್ಲಿ ಅದರ ಹಿರಿಮೆಯಿರುವುದು ಇಲ್ಲಿಯೇ. ಅದೇ 1984ರಲ್ಲಿ ಸರ್ಕಾರವೂ ಈ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯನ್ನು ಸ್ಥಾಪಿಸಿ, ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಗೊತ್ತುಪಡಿಸಿದ್ದವು. ಅದು ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ನೆಲ. ನೀರನ್ನು ಕೆಡಿಸಿದ ಕಾರ್ಖಾನೆಯ ಹಸಿವು ಹುಲ್ಲುಗಾವಲಿಗೂ ಚಾಚಿದೆಯೆಂಬುದನ್ನು ಜನ ಕಂಡುಕೊಂಡರು. ಕಾದಂಬರಿಕಾರ ಶಿವರಾಮ ಕಾರಂತರು ಈ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರಾದರು. ಕಾರಂತರ ಕೃತಿಗಳನ್ನು ಓದುವ ನಾವು ಅವರ ಈ ಅರ್ಜಿಯನ್ನೂ ಅರಿತಿರಬೇಕು.

1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸತ್ಯಾಗ್ರಹಿಗಳು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಜನರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಈ ಚಳವಳಿಯ ಹೆಸರು ‘ಕಿತ್ತಿಕೋ-ಹಚ್ಚಿಕೋ’. 1991ರಲ್ಲಿ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚಲಾಯಿತು.

ಭಾಷಾ ವಿದ್ಯಾರ್ಥಿಗಳು ಈ ಹೆಸರನ್ನು ಬಿಡಿಸಿ ನೋಡಬೇಕು. ಶಿಷ್ಟ ಕನ್ನಡದಲ್ಲಿ ‘ಹಚ್ಚು’ ಎಂದರೆ ಸಾಮಾನ್ಯವಾಗಿ ಬಳಿ, ಇಲ್ಲವೆ ದೀಪ ಹೊತ್ತಿಸು. ಧಾರವಾಡದ ರೈತನಿಗೆ ಮಾತ್ರ ಅದು ಸಸಿ ನೆಡುವ ಕ್ರಿಯೆಯೂ ಹೌದು. ಕೊನೆಯ ‘ಕೋ’ ಎಂಬುದು ‘ಕೊಳ್’ ಧಾತುವಿನದು: ಕ್ರಿಯೆಯ ಫಲ ಮಾಡಿದವನಿಗೇ ಸಲ್ಲುವುದನ್ನು ಅದು ಸೂಚಿಸುತ್ತದೆ. ‘ಕೀಳು, ಹಚ್ಚು’ ಎಂದಿದ್ದರೆ ಬರಿಯ ಅಪ್ಪಣೆಯಾಗುತ್ತಿತ್ತು; ‘ಕೋ’ ಸೇರಿದೊಡನೆ ಆ ನೆಲ ಯಾರದೆಂಬುದನ್ನೂ ವ್ಯಾಕರಣವೇ ಹೇಳಿಬಿಡುತ್ತದೆ.

ಅಭ್ಯಾಸ: ಆದವಾನಿ ಸೀಮೆಯ ನಿಮ್ಮ ಊರಿನಲ್ಲಿ ಸಸಿ ನೆಡುವುದಕ್ಕೆ ಬಳಸುವ ಕ್ರಿಯಾಪದಗಳನ್ನು ಹಿರಿಯರಿಂದ ಕೇಳಿ ಬರೆದು ತನ್ನಿ, ತೆಲುಗಿನಿಂದ ಬಂದವನ್ನು ಬೇರೆಯಾಗಿ ಗುರುತಿಸಿ.