ಊರಿನ ವರ್ಷದ ಲೆಕ್ಕ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಆರಿಸಿಕೊಂಡ ನಾಲ್ಕು ಪತ್ರಗಳು ಅಕ್ಕಪಕ್ಕದ ನಾಲ್ಕು ಊರುಗಳಿಂದ ಬಂದವು. ಹುಣಸೂರಿನಲ್ಲಿ ನಗರಸಭೆ ಇದೆ, ಉಳಿದ ಮೂರು ಕಡೆ ಪುರಸಭೆ. ಹೆಸರು ಬೇರೆಯಾದರೂ ಎಲ್ಲವೂ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಡಿಯೇ ನಡೆಯುತ್ತವೆ. ಹಾಗಾಗಿ ಒಬ್ಬರಿಗೆ ಹೇಳಿದ್ದು ಉಳಿದವರಿಗೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ನಗರಸಭೆಯದು ಉಳಿತಾಯ ಬಜೆಟ್ ಎಂದು ಪತ್ರಿಕೆಯಲ್ಲಿ ಓದುತ್ತೇನೆ. ದುಡ್ಡು ಉಳಿಯುವುದಾದರೆ ನಮ್ಮ ಬೀದಿಯ ಚರಂಡಿ ಏಕೆ ಹಾಗೇ ಇದೆ? ಲಕ್ಷ್ಮಣತೀರ್ಥ ಹೊಳೆಗೆ ಕೊಳಚೆ ಸೇರುವುದು ಏಕೆ ನಿಂತಿಲ್ಲ? ಯಾರೋ ನಮ್ಮನ್ನು ಏಮಾರಿಸುತ್ತಿದ್ದಾರೆ ಅನ್ನಿಸುತ್ತದೆ. ಒಂದು ವರ್ಷದಲ್ಲಿ ಊರು ಎಷ್ಟು ಮುಂದೆ ಬಂತು ಎಂದು ನಮ್ಮಂಥವರು ತಿಳಿಯುವುದು ಹೇಗೆ?
– ಓದುಗರು, ಹುಣಸೂರು

ಉತ್ತರ: ನಿಮಗೆ ಹಾಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ‘ಉಳಿತಾಯ’ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಮನೆಯಲ್ಲಿ ಉಳಿತಾಯ ಎಂದರೆ ಖರ್ಚೆಲ್ಲ ಕಳೆದು ಕೈಯಲ್ಲಿ ಮಿಕ್ಕ ಹಣ. ಆಯವ್ಯಯದಲ್ಲಿ (ಮುಂದಿನ ವರ್ಷದ ಜಮಾ ಖರ್ಚಿನ ಅಂದಾಜು) ಹಾಗಲ್ಲ. ಬರಬಹುದೆಂದು ಬರೆದ ಹಣದಲ್ಲಿ, ಮಾಡಬಹುದೆಂದು ಬರೆದ ಖರ್ಚನ್ನು ಕಳೆದರೆ ಸಿಗುವ ಮೊತ್ತ ಅದು. ಹಿಂದಿನ ವರ್ಷ ಖರ್ಚಾಗದೆ ನಿಂತ ಆರಂಭ ಶಿಲ್ಕೂ (ಏಪ್ರಿಲ್ 1ರಂದು ಖಾತೆಯಲ್ಲಿರುವ ಹಣ) ಅದರಲ್ಲಿ ಸೇರಿಕೊಂಡಿರುತ್ತದೆ. ಎಷ್ಟೋ ಸಲ ಉಳಿತಾಯ ದೊಡ್ಡದಾಗಿದ್ದರೆ, ಆಗಬೇಕಾದ ಕೆಲಸ ಆಗಿಲ್ಲ ಎಂದೇ ಅರ್ಥ.

ಇನ್ನೊಂದು ಮಾತು. ಬಂದ ಹಣವನ್ನೆಲ್ಲ ನಗರಸಭೆ ತನಗೆ ತೋಚಿದ ಕೆಲಸಕ್ಕೆ ಹಾಕುವಂತಿಲ್ಲ. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ನಿಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ (ಹೇಳಿದ ಕೆಲಸಕ್ಕೇ ಬಳಸಬೇಕಾದ) ಹಣ. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ನೀರಿಗೆ. ಒಳಚರಂಡಿಯಂಥ ದೊಡ್ಡ ಕಾಮಗಾರಿಯನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡಿಸುತ್ತದೆ. ಹಾಗಾಗಿ ಹೊಳೆಗೆ ಕೊಳಚೆ ಸೇರುವ ಬಗ್ಗೆ ಅರ್ಜಿ ಕೊಡುವಾಗ ಒಂದು ಪ್ರತಿ ನಗರಸಭೆಗೆ, ಇನ್ನೊಂದು ಮಂಡಳಿಗೆ ಕೊಡಿ. ಒಬ್ಬರಿಗೇ ಕೊಟ್ಟರೆ ಇನ್ನೊಬ್ಬರತ್ತ ಕೈ ತೋರಿಸುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಆಯವ್ಯಯದ ಪುಸ್ತಕ ಕೈಗೆ ಸಿಕ್ಕಿದರೆ ಮೊದಲ ಪುಟದ ಭಾಷಣ ಬಿಟ್ಟು ಒಳಗಿನ ಕೋಷ್ಟಕಕ್ಕೆ ಬನ್ನಿ. ಒಂದೊಂದು ಬಾಬ್ತಿನ ಮುಂದೆಯೂ ಹಿಂದಿನ ವರ್ಷದ ವಾಸ್ತವಿಕ (ನಿಜವಾಗಿ ಆದ ಖರ್ಚು), ಈ ವರ್ಷದ ಪರಿಷ್ಕೃತ (ನಡುವೆ ತಿದ್ದಿದ ಅಂದಾಜು), ಮುಂದಿನ ವರ್ಷದ ಅಂದಾಜು ಎಂದು ಅಂಕಿಗಳಿರುತ್ತವೆ. ‘ವಾಸ್ತವಿಕ’ ಎಂಬ ಕಾಲಂ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಓದುತ್ತ ಬನ್ನಿ. ನಾನು ಲೆಕ್ಕ ಶಾಖೆಯಲ್ಲಿದ್ದ ಒಂದು ಊರಿನಲ್ಲಿ ‘ಚರಂಡಿ ದುರಸ್ತಿ’ ಮೂರು ವರ್ಷ ಅಂದಾಜಿನಲ್ಲಿ ತಪ್ಪದೆ ಬರುತ್ತಿತ್ತು. ವಾಸ್ತವಿಕದ ಜಾಗದಲ್ಲಿ ಮೂರು ವರ್ಷವೂ ಬರೀ ಒಂದು ಅಡ್ಡಗೆರೆ. ಆ ಗೆರೆ ಎಳೆದವನು ನಾನೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅಂದಾಜು ಎಷ್ಟೇ ದೊಡ್ಡದಿರಲಿ, ಊರು ಮುಂದೆ ಬಂದದ್ದು ವಾಸ್ತವಿಕದಲ್ಲಿ ಮಾತ್ರ ಕಾಣುತ್ತದೆ.

ಅದು ಹಣದ ಲೆಕ್ಕವಾಯಿತು. ಕೆಲಸದ ಲೆಕ್ಕಕ್ಕೆ ವಾರ್ಷಿಕ ಆಡಳಿತ ವರದಿ ಕೇಳಿ. ನಿಮ್ಮ ಊರಿನಲ್ಲಿ 31 ವಾರ್ಡ್‌ಗಳಿವೆ, ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ದಣಿಯುತ್ತೀರಿ. ನಿಮ್ಮ ವಾರ್ಡಿನ ಕಾಮಗಾರಿ ಪಟ್ಟಿ ಸಾಕು. ಅದನ್ನು ಹಿಡಿದು ಬೆಳಗಿನ ವಾಕಿಂಗ್ ಹೋಗಿ. ಪಟ್ಟಿಯಲ್ಲಿ ‘ಪೂರ್ಣಗೊಂಡಿದೆ’ ಎಂದಿರುವ ಚರಂಡಿ ಬೀದಿಯಲ್ಲೂ ಪೂರ್ಣಗೊಂಡಿದೆಯೇ ನೋಡಿ.

ಆಯವ್ಯಯ ಸಿದ್ಧವಾಗುವ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ಅಲ್ಲಿ ಕುರ್ಚಿಗಳು ಖಾಲಿ ಇರುವುದೇ ಹೆಚ್ಚು. ದಯವಿಟ್ಟು ಹೋಗಿ, ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕು ಜನರನ್ನೂ ಕರೆದುಕೊಂಡು ಹೋಗಿ. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಕೈಯಲ್ಲಿ ಊರು ಇರುವಾಗ ಈ ಸಭೆಯ ಅಗತ್ಯ ಇನ್ನೂ ಹೆಚ್ಚು.

ಪ್ರಶ್ನೆ: ಬಸ್ ನಿಲ್ದಾಣದ ಬಳಿ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತೇನೆ. ಊರು ಅಭಿವೃದ್ಧಿ ಆಗುತ್ತಿದೆ, ಗಾಡಿ ಎತ್ತಿಸುತ್ತಾರೆ ಎಂದು ಜನ ಹೇಳುತ್ತಾರೆ. ರಾತ್ರಿ ನಿದ್ದೆ ಬರುವುದಿಲ್ಲ. ಸಾಲ ಕೊಡುತ್ತಾರಂತೆ, ನಮಗೂ ಸಿಗುತ್ತದೆಯೇ?
– ಓದುಗರು, ಪಿರಿಯಾಪಟ್ಟಣ

ಉತ್ತರ: ದಿನದ ದುಡಿಮೆಯೇ ಮನೆಯ ಅನ್ನವಾಗಿರುವಾಗ ಇಂಥ ಮಾತು ಕಿವಿಗೆ ಬಿದ್ದರೆ ಯಾರಿಗಾದರೂ ನಿದ್ದೆ ಹೋಗುತ್ತದೆ. ಮೊದಲು ಧೈರ್ಯ ತಂದುಕೊಳ್ಳಿ. ನಿಮಗಾಗಿಯೇ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಅದರ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿದು ಎಲ್ಲರಿಗೂ ಮಾರಾಟ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು. ಆಮೇಲೆ ಜಾಗ ಬದಲಿಸಬೇಕಾದರೂ 30 ದಿನ ಮೊದಲು ನೋಟಿಸ್ ಕೊಡಬೇಕು. ಸರಕು ವಶಪಡಿಸಿಕೊಂಡರೆ ಪಟ್ಟಿ ಕೊಡಬೇಕು. ಹಣ್ಣು, ಹೂವಿನಂಥ ಕೆಡುವ ಪದಾರ್ಥವನ್ನು ನೀವು ಕೇಳಿದ ದಿನವೇ ಹಿಂದಿರುಗಿಸಬೇಕು.

ನಾಳೆಯೇ ಪುರಸಭೆಗೆ ಹೋಗಿ ‘ಸಮೀಕ್ಷೆಯಲ್ಲಿ ನನ್ನ ಹೆಸರಿದೆಯೇ?’ ಎಂದು ಕೇಳಿ. ಇಲ್ಲವಾದರೆ ಸೇರಿಸಲು ಅರ್ಜಿ ಕೊಡಿ. ಗಾಡಿಯ ಜೊತೆ ನೀವು ನಿಂತಿರುವ ಫೋಟೊ, ಆಧಾರ್ ಪ್ರತಿ ಜೊತೆಗಿರಲಿ. ಪಟ್ಟಣ ಮಾರಾಟ ಸಮಿತಿಯಲ್ಲಿ (ಗಾಡಿ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಸಮಿತಿ) ಕನಿಷ್ಠ ಶೇ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಪರವಾಗಿ ಅಲ್ಲಿ ಕೂರುವವರು ಯಾರೆಂದು ತಿಳಿದುಕೊಳ್ಳಿ.

ಸಾಲದ ಹೆಸರು ಪಿಎಂ ಸ್ವನಿಧಿ. 2020ರಲ್ಲಿ 10,000 ರೂಪಾಯಿಯಿಂದ ಶುರುವಾದ ಮೊದಲ ಸಾಲ 2025ರಲ್ಲಿ 15,000 ಆಯಿತು. ಕಂತು ತಪ್ಪದೆ ಕಟ್ಟಿದರೆ 25,000, ಆಮೇಲೆ 50,000. ಆಧಾರವಾಗಿ ಏನನ್ನೂ ಅಡವಿಡಬೇಕಿಲ್ಲ, ಶೇ 7ರಷ್ಟು ಬಡ್ಡಿ ಸಹಾಯಧನವೂ ಇದೆ. ‘ಮಾಡಿಸಿಕೊಡುತ್ತೇನೆ’ ಎಂದು ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬೇಡಿ. ಪುರಸಭೆಯವರು ಎಷ್ಟು ಜನರಿಗೆ ಮೊದಲ ಸಾಲ ಕೊಡಿಸಿದೆವು ಎಂದು ಹೇಳಿಕೊಳ್ಳುತ್ತಾರೆ. ಅವರಲ್ಲಿ ಎಷ್ಟು ಜನ ಎರಡನೆಯ ಸಾಲಕ್ಕೆ ಬಂದರು ಎಂಬುದನ್ನೇ ನಾನು ಮೊದಲು ಕೇಳುತ್ತೇನೆ. ವ್ಯಾಪಾರ ನಿಂತಿದೆಯೋ ಬೆಳೆದಿದೆಯೋ ಅಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ನಾವು ಪರಿಶಿಷ್ಟ ಜಾತಿಯವರು. ಮಗಳು ಕಾಲೇಜು ಓದುತ್ತಿದ್ದಾಳೆ. ಪುರಸಭೆಯಲ್ಲಿ ಸಹಾಯ ಕೇಳಿದರೆ ‘ಈ ವರ್ಷದ್ದು ಮುಗಿಯಿತು’ ಅಂದರು. ನಮಗೆ ಹಕ್ಕಿದೆಯೋ, ಇಲ್ಲ ಅವರ ದಯೆಯೋ?
– ಓದುಗರು, ಎಚ್.ಡಿ. ಕೋಟೆ

ಉತ್ತರ: ಹಕ್ಕಿದೆ. ಬರಿಗೈಯಲ್ಲಿ ವಾಪಸಾದ ನಿಮ್ಮ ನೋವು ಅರ್ಥವಾಗುತ್ತದೆ. ಪುರಸಭೆ ತನ್ನ ನಿಧಿಯಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ರಷ್ಟನ್ನು ಇತರೆ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಎತ್ತಿಡಬೇಕು. ಪ್ರತಿ ವರ್ಷ ಇದಕ್ಕೆ ಕ್ರಿಯಾಯೋಜನೆ (ಯಾವ ಕೆಲಸಕ್ಕೆ ಎಷ್ಟು ಎಂಬ ಒಪ್ಪಿಗೆ ಪಟ್ಟಿ) ಆಗುತ್ತದೆ. ವಿದ್ಯಾರ್ಥಿಗಳ ನೆರವು ಆ ಪಟ್ಟಿಯಲ್ಲಿರಬೇಕು, ಅರ್ಜಿ ಕರೆದಾಗ ನೀವು ಹಾಕಿರಬೇಕು. ಜಾತಿ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪುಸ್ತಕದ ಪ್ರತಿಗಳನ್ನು ಈಗಲೇ ಒಂದು ಕವರಿನಲ್ಲಿ ಹಾಕಿಡಿ. ನೋಟಿಸ್ ಬೋರ್ಡ್ ನೋಡುವ ಕೆಲಸ ಮಗಳಿಗೇ ವಹಿಸಿ.

ನಿಮ್ಮ ತಾಲ್ಲೂಕಿನ ಹಾಡಿಗಳಲ್ಲಿ (ಆದಿವಾಸಿಗಳ ಪುಟ್ಟ ಊರು) ಇರುವ ಪರಿಚಯದವರಿಗೆ ಇದನ್ನು ಹೇಳುವಾಗ ಒಂದು ಎಚ್ಚರ. ಪಟ್ಟಣದ ಗಡಿಯಾಚೆಯ ಹಾಡಿ ಗ್ರಾಮ ಪಂಚಾಯಿತಿಗೆ ಸೇರುತ್ತದೆ, ಅವರು ಅಲ್ಲೇ ಕೇಳಬೇಕು.

ಪ್ರಶ್ನೆ: ನಮ್ಮ ಬೀದಿಯ ರಸ್ತೆ ಕಾಮಗಾರಿಯ ಬಿಲ್ ಕೇಳಬೇಕೆಂದಿದ್ದೇನೆ. ಆದರೆ ನನ್ನ ಆಸ್ತಿಯ ಇ-ಖಾತೆ ಇನ್ನೂ ಪುರಸಭೆಯವರ ಕೈಯಲ್ಲೇ ಇದೆ. ಕೇಳಿದರೆ ಹಗೆ ಸಾಧಿಸುತ್ತಾರೇನೋ ಎಂಬ ಭಯ.
– ಓದುಗರು, ಕೆ.ಆರ್. ನಗರ

ಉತ್ತರ: ಭಯ ಪಡಬೇಡಿ ಎಂದು ಸುಲಭವಾಗಿ ಹೇಳಿಬಿಡಲಾರೆ, ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ಮುಖ ಗೊತ್ತು. ಆದರೆ ದಾರಿಯಿದೆ. ಖಾತೆಯ ಕೆಲಸ ಮೊದಲು ಮುಗಿಸಿಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ಇಲ್ಲವೇ ಬೀದಿಯ ಇನ್ನೊಬ್ಬರ ಹೆಸರಿನಲ್ಲಿ ಅರ್ಜಿ ಹೋಗಲಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ‘ಏಕೆ ಬೇಕು’ ಎಂದು ಅರ್ಜಿದಾರರನ್ನು ಕೇಳುವಂತಿಲ್ಲ.

ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರದಂತೆ ಬರೆಯಿರಿ. ‘ಅವ್ಯವಹಾರದ ವಿವರ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ರಸ್ತೆಯ ಹೆಸರು, ವರ್ಷ ಹಾಕಿ ‘ಅಂದಾಜು ಪಟ್ಟಿ, ಅಳತೆ ಪುಸ್ತಕ (ಮಾಡಿದ ಕೆಲಸದ ಉದ್ದ, ಅಗಲ, ದಪ್ಪ ಬರೆದ ಪುಸ್ತಕ), ಬಿಲ್ಲಿನ ನಕಲು’ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರಿಂದಲೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗ.

ಅಳತೆ ಪುಸ್ತಕದ ನಕಲು ಕೈಗೆ ಬಂದ ದಿನ ಒಂದು ಟೇಪು ತೆಗೆದುಕೊಂಡು ನೆರೆಯವರ ಜೊತೆ ಬೀದಿಗೆ ಇಳಿಯಿರಿ. ಅಳತೆ ಸರಿಯಿದ್ದರೆ ಹಾಗೆಂದು ಎಂಜಿನಿಯರಿಗೆ ಒಂದು ಸಾಲು ಬರೆದು ತಿಳಿಸಿ. ಕಡಿಮೆಯಿದ್ದರೆ ಎಷ್ಟು ಕಡಿಮೆ ಎಂದು ಬರೆದು, ಬೀದಿಯವರೆಲ್ಲ ಸಹಿ ಹಾಕಿ, ಮುಖ್ಯಾಧಿಕಾರಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಳ್ಳಿ.