ಹದಿನೈದು ದಿನದ ಹಿಂದೆ ಹೇಗಿದ್ದರು?

ಐಸಿಯು ಡಾಕ್ಟರು ಇವತ್ತು ನಿನ್ನನ್ನು ಕರೆದು, "ಕಾಯಿಲೆ ಬೀಳೋಕೆ ಹದಿನೈದು ದಿನ ಮುಂಚೆ ನಿಮ್ಮ ತಾಯಿ ಹೇಗಿದ್ದರು?" ಅಂತ ಕೇಳಿದರಂತೆ. "ಗಟ್ಟಿಮುಟ್ಟಾಗಿದ್ದರು ಸಾರ್, ಮನೆಗೆಲಸ ಎಲ್ಲಾ ಅವರೇ ಮಾಡ್ತಿದ್ರು" ಅಂದೆಯಂತೆ. ಫೋನಿನಲ್ಲಿ ನಾನು ಸುಮ್ಮನಿದ್ದೆ, ಪಕ್ಕದಲ್ಲಿ ನಿಮ್ಮಪ್ಪ ಇದ್ದರಲ್ಲ. ಇದನ್ನು ಒಬ್ಬನೇ ಕೂತು ಓದು.

ಯುಗಾದಿಗೆ ಚನ್ನಪಟ್ಟಣದಿಂದ ಕನಕಪುರಕ್ಕೆ ಬಂದಿದ್ದಾಗ ನಿಮ್ಮಮ್ಮನನ್ನು, ನನ್ನ ಅಕ್ಕನನ್ನು, ನೋಡಿದೆ. ಎದ್ದು ನಿಲ್ಲಲು ಬಾಗಿಲ ಚೌಕಟ್ಟು ಹಿಡಿಯುತ್ತಿದ್ದಳು. ರೇಷ್ಮೆ ಹುಳುಮನೆಗೆ ಸೊಪ್ಪಿನ ಹೊರೆ ಹೊರುತ್ತಿದ್ದವಳು, ಒಂದು ಬಿಂದಿಗೆ ಎತ್ತಲು ನಿನ್ನ ಹೆಂಡತಿಯನ್ನು ಕರೆದಳು. ಮುದ್ದೆ ಅರ್ಧಕ್ಕಿಳಿದಿತ್ತು. ಕೈಯೆತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ವಯಸ್ಸಾಯ್ತಲ್ಲ ಅಂದುಕೊಂಡೆವು. ಐಸಿಯುನಲ್ಲಿ ನರ್ಸಾಗಿ ತಲೆ ನರೆಸಿಕೊಂಡ ನನಗಾದರೂ ಹೊಳೆಯಬೇಕಿತ್ತು.

ವಯಸ್ಸು ಬೇರೆ, ತ್ರಾಣ ಬೇರೆ ಕಣಪ್ಪ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಗೂಡನ್ನು ಬೆರಳಲ್ಲಿ ಅದುಮಿ ನೋಡುವುದನ್ನು ನೀನೇ ಕಂಡಿದ್ದೀಯ. ಎಲ್ಲಾ ಒಂದೇ ಬಣ್ಣ, ಅದುಮಿದಾಗಲೇ ಗಟ್ಟಿ ಯಾವುದು ಮೆತ್ತಗಿರುವುದು ಯಾವುದು ಗೊತ್ತಾಗುವುದು. ಎಂಬತ್ತು ದಾಟಿದ ಅಜ್ಜ ವೆಂಟಿಲೇಟರಿನಿಂದ ಎದ್ದು ಬಂದು ನನ್ನ ಹತ್ತಿರ ಬೀಡಿ ಕೇಳಿದ್ದುಂಟು. ಅರವತ್ತರ ಹೆಂಗಸು ವಾರಗಟ್ಟಲೆ ಟ್ಯೂಬು ಬಿಡಿಸಿಕೊಳ್ಳಲಾಗದೆ ಒದ್ದಾಡಿದ್ದೂ ಉಂಟು.

ಈ ತ್ರಾಣಕ್ಕೆ ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಒಂದು ಅಳತೆಗೋಲು ಮಾಡಿದರು. ಈಗ ಅದರಲ್ಲಿ 1ರಿಂದ 9ರವರೆಗೆ ಅಂಕ. 5 ಅಥವಾ ಅದಕ್ಕಿಂತ ಹೆಚ್ಚಾದರೆ ತ್ರಾಣ ಕುಗ್ಗಿದೆ ಅಂತ ಲೆಕ್ಕ. ಐಸಿಯುನಲ್ಲಿ ಮಲಗಿದವರು ಯಾರಾದರೂ ನಿತ್ರಾಣರೇ, ಅದಕ್ಕೇ ಹದಿನೈದು ದಿನ ಹಿಂದಿನದನ್ನು ಕೇಳುವುದು. ಅವಳ ಬಾಯಲ್ಲಿ ಟ್ಯೂಬಿದೆ. ಹೇಳಬೇಕಾದವನು ನೀನು.

ಮಿಷನ್ನು ಗಾಳಿ ತಳ್ಳುವಾಗ ಎದೆ-ಹೊಟ್ಟೆ ನಡುವಿನ ವಪೆಗೆ ಕೆಲಸ ತಪ್ಪುತ್ತದೆ. ಎರಡು ಮೂರು ದಿನದಲ್ಲೇ ಅದು ಸೊರಗಲು ಶುರು. ಲಂಡನ್ನಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಐಸಿಯು ರೋಗಿಗಳ ತೊಡೆಯ ಸ್ನಾಯು ಹತ್ತು ದಿನದಲ್ಲಿ ಶೇಕಡಾ 18ರ ಹತ್ತಿರ ಕರಗಿತ್ತು. ಗಟ್ಟಿಗರಿಗೆ ಕರಗಿಸಲು ಕೂಡಿಟ್ಟದ್ದಿರುತ್ತದೆ, ಅಕ್ಕ ಕೂಡಿಟ್ಟದ್ದನ್ನು ಯುಗಾದಿಗೆ ಮುಂಚೆಯೇ ತಿಂದು ಮುಗಿಸಿದ್ದಳು. ಇಂಥವರಿಗೆ ತೆಗೆದ ಟ್ಯೂಬನ್ನು ಮತ್ತೆ ಹಾಕಬೇಕಾಗುವುದು, ಗಂಟಲಲ್ಲಿ ರಂಧ್ರ ಮಾಡಬೇಕಾಗುವುದು ಹೆಚ್ಚು. ಸಾವೂ ಹೆಚ್ಚು. ಮುಚ್ಚಿಟ್ಟು ಹೇಳಲಾರೆ.

ನಿಜ ಹೇಳಿದರೆ ಕೈಬಿಟ್ಟಾರು ಅನ್ನುವ ಹೆದರಿಕೆ ನಿನಗೆ. ಅಂಕ ನೋಡಿ ಮುಖ ತಿರುಗಿಸಿದವರನ್ನು ನಾನೂ ಒಬ್ಬಿಬ್ಬರನ್ನು ಕಂಡಿದ್ದೇನೆ. ಆದರೆ ಬಲ್ಲ ಡಾಕ್ಟರಿಗೆ ಆ ಅಂಕ ಎಚ್ಚರಿಕೆ ಗಂಟೆ. ಮಂಪರಿನ ಔಷಧಿ ದಿನಾ ಕಡಿಮೆ ಮಾಡಿ ನೋಡ್ತೀರಾ, ಅರ್ಧ ಗಂಟೆಯಾದರೂ ಅವರೇ ಉಸಿರಾಡೋಕೆ ಬಿಡ್ತೀರಾ, ಕೈಕಾಲು ಆಡಿಸೋ ಫಿಸಿಯೋಥೆರಪಿ ಯಾವತ್ತಿಂದ, ಅಂತ ವಿನಯವಾಗಿ ಕೇಳು. ಹಾಸಿಗೆ ಹಿಡಿದೇ ಬದುಕಬೇಕಾದರೆ ಅಕ್ಕ ಒಪ್ಪುತ್ತಿದ್ದಳೇ ಅನ್ನುವುದನ್ನೂ ನಿಮ್ಮಪ್ಪನ ಜೊತೆ ಈಗಲೇ ಮಾತಾಡು. ಆಮೇಲೆ ಕಾರಿಡಾರಿನಲ್ಲಿ ನಿಂತು ಐದು ನಿಮಿಷದಲ್ಲಿ ತೀರ್ಮಾನಿಸುವ ಮಾತಲ್ಲ ಅದು.

ಮನೆಗೆ ಬಂದಳು ಅಂತಿಟ್ಟುಕೋ, ಚೇತರಿಕೆಗೆ ತಿಂಗಳುಗಳೇ ಹಿಡಿಯುತ್ತವೆ. ಮುದ್ದೆ ತಿಂದರೆ ಶಕ್ತಿ ಬರುತ್ತೆ ಅನ್ನುತ್ತಾರೆ ನಮ್ಮ ಕಡೆ. ಮುದ್ದೆ ನನಗೂ ಪ್ರಾಣ, ಆದರೆ ಸ್ನಾಯು ಕಟ್ಟಲು ಅದೊಂದೇ ಸಾಲದು. ಮೊಟ್ಟೆ, ಹಾಲು, ಹುರುಳಿ ಕೊಡಿ. ಕಾಲ ಬಂದಾಗ ಮಾಗಡಿ ಅವರೆಕಾಯಿ ನಾನೇ ತರುತ್ತೇನೆ. ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ನಾಲ್ಕಾರು ಸಲ ಮಾಡಿಸಿ. ಪಾಪ ಅಂತ ಮಲಗಿಸಿಯೇ ಇಡಬೇಡಿ.

ನಾಳೆ ಹೋಗುವಾಗ ಅವಳ ಕನ್ನಡಕ ತೆಗೆದುಕೊಂಡು ಹೋಗು. ಮಂಪರು ಇಳಿದಾಗ ಕಣ್ಣು ಕಾಣದಿದ್ದರೆ ಗಾಬರಿಬೀಳುತ್ತಾರೆ. ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲ ಹಿಂದೆ ಇರುತ್ತದೆ ನೋಡು. ಅಲ್ಲೇ ಇಡುತ್ತಿದ್ದಳು.